ಸ್ಟೇಷನ್ನಿಗೇ ಮುಗಿದ ಸಿನಿಮಾ

ನನ್ನ ತಂಗಿಯ ಮೊಮ್ಮಗಳು ಪವಿತ್ರ ಹೆಬ್ಬಾಳದ ಕಡೆಯ ಒಂದು ಮಾಲ್‌ನ ಸಿನಿಮಾದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮ್ಯಾನೇಜರ್ ತರಬೇತಿಯಂತೆ. ಸೇರಿದ ಹೊಸದರಲ್ಲಿ ಮನೆಗೆ ಬಂದವಳು, "ತಾತ, ನಮ್ಮಲ್ಲಿ ಪಿಕ್ಚರ್ ಬಿಟ್ಮೇಲೆ ಜನ ಬಟನ್ ಒತ್ತಿ ಹೋಗ್ತಾರೆ. ನಗೋ ಮುಖ, ಅಳೋ ಮುಖ. ನಿಮ್ ಕಾಲದಲ್ಲಿ ಜನಕ್ಕೆ ಹಿಡಿಸ್ತೋ ಇಲ್ವೋ ಅಂತ ಹೇಗ್ ತಿಳ್ಕೋತಿದ್ರಿ?" ಎಂದು ಕೇಳಿದಳು. "ಸೈಕಲ್ ಸ್ಟ್ಯಾಂಡಲ್ಲಿ ನಿಂತ್ಕೊಂಡು" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. "ಬರೆದಿಡಿ ತಾತ, ನಮ್ಮಂಥವರಿಗೆ ಬೇಕಾಗುತ್ತೆ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಅವಳು ನಗುವಂಥದ್ದು ಇದರಲ್ಲಿ ಸ್ವಲ್ಪವೇ ಇದೆ.

ಯಲಹಂಕದ ಒಂದು ಚಿತ್ರಮಂದಿರದಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಈಗ ಅದು ಇಲ್ಲ. ಅದೇ ಜಾಗದಲ್ಲಿ ಸೀರೆ ಅಂಗಡಿ ಎದ್ದಿದೆ. ಪರದೆ ಇದ್ದ ಕಡೆ ಗೊಂಬೆಗಳು ರೇಷ್ಮೆ ಸೀರೆ ಉಟ್ಟು ನಿಂತಿವೆ. ಟಿಕೆಟ್ ಹರಿಯುತ್ತಿದ್ದವನು ಮ್ಯಾನೇಜರ್ ಆದ ಕತೆಯನ್ನು ನಾನು ಹೇಳುವುದಿಲ್ಲ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ.

ಕೆಲಸ ಕಲಿಸಿದವರು ನನಗಿಂತ ಹಿಂದೆ ಮ್ಯಾನೇಜರ್ ಆಗಿದ್ದ ಕೆಂಪಣ್ಣನವರು. ನಮ್ಮ ಕಸುಬಿನಲ್ಲಿ 'ಟಾಕ್' ಎನ್ನುವುದೊಂದಿತ್ತು. ಸಿನಿಮಾ ನೋಡಿ ಹೊರಬಂದವರು ಏನು ಮಾತಾಡುತ್ತಾರೋ ಅದು. ಶುಕ್ರವಾರ ಮೊದಲ ಆಟ ಬಿಟ್ಟ ಕೂಡಲೇ ಗಾಂಧಿನಗರದಿಂದ ಹಂಚಿಕೆದಾರರ ಫೋನ್ ಬರುತ್ತಿತ್ತು: "ಟಾಕ್ ಏನು?" ಅದಕ್ಕೆ ಮ್ಯಾನೇಜರ್ ಆದವನು ಥಟ್ಟನೆ ಉತ್ತರ ಹೇಳಬೇಕು. ಹೊಸದರಲ್ಲಿ ನಾನು ಬಾಗಿಲಲ್ಲಿ ನಿಂತು, "ಹೇಗಿತ್ತು ಸಾರ್, ಹೇಗಿತ್ತು ಸಾರ್" ಎಂದು ಕೇಳುತ್ತಿದ್ದೆ. ಕೆಂಪಣ್ಣನವರು ಒಂದು ದಿನ ಕಿವಿ ಹಿಂಡಿದರು.

"ಬಾಗಿಲಲ್ಲಿ ಜನ ನಿನ್ ಮುಖ ನೋಡ್ಕೊಂಡು ಮಾತಾಡ್ತಾರೆ ಕಣೋ. ಸೈಕಲ್ ಸ್ಟ್ಯಾಂಡಿಗೆ ಹೋಗು. ಬೀಗ ತೆಗೆಯೋವಾಗ ಯಾವನೂ ಸುಳ್ಳು ಹೇಳಲ್ಲ."

ಅವರ ಮಾತು ನಿಜವಾಗಿತ್ತು. ಸೈಕಲ್ ಸ್ಟ್ಯಾಂಡಿನಲ್ಲಿ, ಸೋಡಾ ಅಂಗಡಿಯಲ್ಲಿ, ಗಂಡಸರ ಮೂತ್ರಿಯ ಗೋಡೆಯ ಈಚೆ ನಿಂತು ನಾನು ಕಿವಿ ಪಳಗಿಸಿಕೊಂಡೆ. ಹೆಂಗಸರ ಕಡೆ ನಾನು ಹೋಗುವ ಹಾಗಿರಲಿಲ್ಲ. ಅಲ್ಲಿ ಗೇಟು ಕಾಯುತ್ತಿದ್ದ ಸರೋಜಮ್ಮ ಮಾತು ಕೇಳಿಸಿಕೊಂಡು ಬಂದು ವರದಿ ಒಪ್ಪಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ, ಯಾವ ಚಿತ್ರ ಎಷ್ಟು ವಾರ ನಿಲ್ಲುತ್ತದೆ ಎಂದು ನಾನು ಹೇಳಿದರೆ ಅಷ್ಟೇ ನಿಲ್ಲುತ್ತದೆ ಎಂಬ ಹೆಸರು ಬಂತು. ನನ್ನ ಜಂಬವೂ ಹೆಸರಿನ ಜೊತೆಗೇ ಬೆಳೆಯಿತು.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಆಗ ಒಂದೇ ಪ್ರಿಂಟಿನಲ್ಲಿ ಎರಡು ಕಡೆ ಆಟ ನಡೆಸುವುದಿತ್ತು. ನಮ್ಮಲ್ಲಿ ಓಡಿ ಮುಗಿದ ರೀಲನ್ನು ಡಬ್ಬಕ್ಕೆ ಹಾಕಿ ಮೊಪೆಡ್ ಮೇಲೆ ರಾಜಾನುಕುಂಟೆಯ ಟೆಂಟ್ ಸಿನಿಮಾಕ್ಕೆ ಕಳಿಸುತ್ತಿದ್ದೆವು. ಒಂದು ದಿನ ರೈಲ್ವೆ ಗೇಟು ಹಾಕಿತ್ತು. ತಡವಾಯಿತೆಂಬ ಗಾಬರಿಯಲ್ಲಿ ಟೆಂಟಿನವರು ಡಬ್ಬ ಅದಲು ಬದಲು ಮಾಡಿ ಓಡಿಸಿಬಿಟ್ಟರು. ಹೀರೋ ಸತ್ತು ಚಿತೆ ಉರಿದ ಮೇಲೆ ಅದೇ ಹೀರೋ ತೋಟದಲ್ಲಿ ಕುಣಿಯುತ್ತ ಬಂದ. ಗಲಾಟೆ ಆಗುತ್ತದೆಂದು ಎಲ್ಲರೂ ನಡುಗುತ್ತಿದ್ದರೆ ಜನ ಶಿಳ್ಳೆ ಹೊಡೆದರಂತೆ. ಹೊರಗೆ ಬಂದ ಒಬ್ಬ ಯಜಮಾನರು, "ಸತ್ತೋನು ಎಂಡ್ರು ಕನಸ್ನಾಗೆ ಬತ್ತಾನೆ ಕಣ್ಲಾ. ಡೈರೆಕ್ಟ್ರು ಬುದ್ವಂತ" ಎಂದು ಜೊತೆಯವರಿಗೆ ಅರ್ಥ ಬಿಡಿಸಿ ಹೇಳಿದರಂತೆ. ಈ ಕತೆ ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ. ಪರದೆಯ ಮೇಲೆ ಏನು ಬಂದರೂ ಜನ ಅದನ್ನು ನಂಬುತ್ತಾರೆ, ತಪ್ಪಿದ್ದರೆ ತಾವೇ ಸರಿ ಮಾಡಿಕೊಳ್ಳುತ್ತಾರೆ ಎಂಬುದು ಆಗ ನಮಗೆ ನಗುವ ವಿಷಯವಾಗಿತ್ತು.

ಇನ್ನು ಆ ಯುದ್ಧದ ಚಿತ್ರ. ಹೆಸರು ಹೇಳುವುದಿಲ್ಲ. ಕನ್ನಡದ್ದೇ ಚಿತ್ರ, ಹೊಸಬರು ತೆಗೆದದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಅಲ್ಲಿದ್ದ ನಮ್ಮವರು ಕಾಡು ಬೆಟ್ಟ ಹತ್ತಿಳಿದು ನಡೆದೇ ಬಂದರಲ್ಲ, ಹಾಗೆ ಬಂದ ಒಂದು ಮನೆಯವರ ಕತೆ. ದಾರಿಯಲ್ಲಿ ಅಪ್ಪ ಸಾಯುತ್ತಾನೆ. ಎಂಟು ವರ್ಷದ ಹುಡುಗಿ ಪುಟ್ಟ ತಮ್ಮನ ಕೈ ಹಿಡಿದು ಹೊಳೆ ದಾಟುವಾಗ ತಮ್ಮ ನೀರಿನಲ್ಲಿ ಹೋಗಿಬಿಡುತ್ತಾನೆ. ಕೈ ಜಾರಿತು ಎಂದು ಹುಡುಗಿ ಅಮ್ಮನಿಗೆ ಹೇಳುತ್ತಾಳೆ. ಕೊನೆಗೆ ತಾಯಿ ಮಗಳು ಬೆಂಗಳೂರು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಅಜ್ಜ ಅಜ್ಜಿ ಓಡಿ ಬಂದು ತಬ್ಬಿಕೊಳ್ಳುತ್ತಾರೆ, ದೊಡ್ಡದಾಗಿ ವಾದ್ಯ ಮೊಳಗುತ್ತದೆ.

ಜನ ಅಲ್ಲಿಗೆ ಮುಗಿಯಿತೆಂದು ಎದ್ದು ನಿಲ್ಲುತ್ತಿದ್ದರು. ಆದರೆ ಮುಗಿದಿರಲಿಲ್ಲ. ಆಮೇಲೆ ಇನ್ನೊಂದು ಸಣ್ಣ ಭಾಗವಿತ್ತು. ಅದೇ ಹುಡುಗಿ ಈಗ ಮುದುಕಿ. ಜಗುಲಿಯ ಮೇಲೆ ಕೂತಿದ್ದಾಳೆ. ಮೊಮ್ಮಗಳು ಬಂದು, "ಅಜ್ಜಿ, ಕೈ ಕೊಡು, ಅಂಗಡಿಗೆ ಹೋಗೋಣ" ಎನ್ನುತ್ತಾಳೆ. ಮುದುಕಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ. ಯಾಕೆ ಎಂದು ಮಗು ಕೇಳುತ್ತದೆ. ಆಗ ಮುದುಕಿ ಹೇಳುತ್ತಾಳೆ: "ಜಾರಲಿಲ್ಲ ಕಂದಾ. ನಾನೇ ಬಿಟ್ಟೆ." ವಾದ್ಯವಿಲ್ಲ, ಅಳುವಿಲ್ಲ. ಪರದೆಯ ಮೇಲೆ ಅವಳ ಕೈ ಮಾತ್ರ. ಅಷ್ಟೆ.

ಆ ಶನಿವಾರ ಭಾನುವಾರ ನಾನು ಸೈಕಲ್ ಸ್ಟ್ಯಾಂಡ್ ಬಿಟ್ಟು ಅಲ್ಲಾಡಲಿಲ್ಲ. ಅಷ್ಟೊಂದು ಬಗೆಯ ಮಾತನ್ನು ಒಂದೇ ಚಿತ್ರಕ್ಕೆ ನಾನು ಕೇಳಿರಲಿಲ್ಲ. ವಾಯುಪಡೆಯಿಂದ ನಿವೃತ್ತರಾದ ಒಬ್ಬರು, "ಯುದ್ಧದ ಪಿಕ್ಚರ್ ಅಂತೀರಿ, ಒಂದು ವಿಮಾನ ನೆಟ್ಟಗೆ ತೋರಿಸಿಲ್ವಲ್ರೀ" ಎಂದು ನನ್ನನ್ನೇ ದಬಾಯಿಸಿದರು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಹುಡುಗರಿಗೆ ಹೊಳೆಯಲ್ಲಿ ಮುಳುಗಿದ ಎತ್ತಿನದೇ ಚಿಂತೆ. "ಎತ್ತು ಚೆನ್ನಾಗ್ ಈಜುತ್ತೆ ಸಾರ್, ಹಾಗೆಲ್ಲ ಮುಳುಗಲ್ಲ" ಎಂದರು. ಒಬ್ಬ ತನ್ನ ಗೆಳೆಯನಿಗೆ, "ಹೀರೋ ಯಾರು ಅಂತ್ಲೇ ಗೊತ್ತಾಗ್ಲಿಲ್ಲ ಮಗಾ" ಎಂದರೆ ಆ ಗೆಳೆಯ ಆಚೆ ತಿರುಗಿ ಕಣ್ಣೊರೆಸಿಕೊಂಡು, "ಕಣ್ಣಿಗೆ ಧೂಳು ಗುರು" ಎಂದ. ಹಳ್ಳಿ ಕಡೆಯ ಒಬ್ಬರು, "ಇಂಗೆ ಅಳ್ಸಕ್ಕೆ ನಾವ್ ದುಡ್ ಬೇರೆ ಕೊಡ್ಬೇಕಾ?" ಎಂದು ಗೊಣಗಿದರು. ಒಂದು ಮಾತಿನಲ್ಲಿ ಮಾತ್ರ ಗಂಡಸರೆಲ್ಲ ಒಂದಾಗಿದ್ದರು. ಸ್ಟೇಷನ್ ಆದಮೇಲಿನದು ಯಾಕಾದರೂ ಇಟ್ಟರೋ! ಪರದೆಯ ಮುಂದಿನ ಗಾಂಧಿ ಕ್ಲಾಸಿನವರಂತೂ ಎದ್ದು ನಿಂತು, "ಶುಭಂ ಹಾಕ್ರಪ್ಪೋ" ಎಂದು ಕೂಗುತ್ತಿದ್ದರು.

ಸರೋಜಮ್ಮನನ್ನು ಕೇಳಿದೆ. "ಹೆಂಗಸ್ರು ಏನಂತಾರೆ?"

"ಏನೂ ಅನ್ನಲ್ಲ ಸಾರ್. ಕೂತೇ ಇರ್ತಾರೆ. ಲೈಟ್ ಹಾಕಿದ್ಮೇಲೆ ಸುಮ್ನೆ ಎದ್ದು ಹೋಗ್ತಾರೆ. ಒಬ್ರ ಹತ್ರ ಒಬ್ರು ಮಾತಾಡಲ್ಲ."

"ಹಾಗಾದ್ರೆ ಟಾಕ್ ಇಲ್ಲ ಅನ್ನು."

"ಇಲ್ಲ ಸಾರ್" ಎಂದರು ಸರೋಜಮ್ಮ. ಆದರೆ ಹೋಗದೆ ಅಲ್ಲೇ ನಿಂತಿದ್ದರು. ಇನ್ನೇನೋ ಹೇಳುವುದಿತ್ತೋ ಏನೋ, ನಾನು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಮಾತಾಡಿದವರಿಗೆ ಅಭಿಪ್ರಾಯ, ಮಾತಾಡದವರಿಗೆ ಏನೂ ಇಲ್ಲ. ಕೆಂಪಣ್ಣನವರು ಕಿವಿ ಪಳಗಿಸಿದ್ದರು, ಸುಮ್ಮನಿರುವುದನ್ನು ಕೇಳಿಸಿಕೊಳ್ಳುವುದನ್ನು ಅವರೂ ಕಲಿಸಿರಲಿಲ್ಲ, ನಾನೂ ಕಲಿಯಲಿಲ್ಲ.

ಸೋಮವಾರ ಮ್ಯಾಟಿನಿ ಬಿಟ್ಟ ಮೇಲೆ ನಮ್ಮ ಯಜಮಾನರು ಬಂದರು. ಹಳೇ ಯಲಹಂಕದ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಚಿತ್ರಮಂದಿರ ಕಟ್ಟಿಸಿದವರು. ಮಾತು ಕಡಿಮೆ, ಮಾಡುವುದು ಜಾಸ್ತಿ. ಆಟ ತಡವಾಗಿ ಬಿಟ್ಟು, ಮುಂದಿನ ಆಟದವರು ಬಿಸಿಲಲ್ಲಿ ಕಾಯುತ್ತಿದ್ದುದನ್ನು ನೋಡಿ, "ಏನ್ ಗೋವಿಂದ್ರಾಜು, ಟಾಕು?" ಎಂದರು.

"ಸ್ಟೇಷನ್ ತನಕ ಚೆನ್ನಾಗಿದೆ ಅಂತಾರೆ ಅಣ್ಣ. ಆಮೇಲಿಂದು ಯಾರಿಗೂ ಬೇಡ."

"ಬೇಡ ಅಂದ್ಮೇಲೆ ಯಾಕ್ ಇಟ್ಕೊಂಡಿದೀಯ? ಕಿತ್ತಾಕು."

ಈಗಿನವರಿಗೆ ಆಶ್ಚರ್ಯವಾಗಬಹುದು. ಆಗ ಬಹಳ ಕಡೆ ಇದು ನಡೆಯುತ್ತಿತ್ತು. ಚಿತ್ರ ಎಳೆಯಿತು ಎಂದು ಜನ ಗೊಣಗಿದರೆ ಚಿತ್ರಮಂದಿರದಲ್ಲೇ ಕತ್ತರಿ ಆಡುತ್ತಿತ್ತು. ತೆಗೆದವರಿಗೆ ಹೇಳುತ್ತಿರಲಿಲ್ಲ. ಕತ್ತರಿಸಿದ ತುಂಡನ್ನು ಒಂದು ಡಬ್ಬದಲ್ಲಿ ಇಟ್ಟುಕೊಂಡು, ಪ್ರಿಂಟ್ ವಾಪಸು ಕಳಿಸುವಾಗ ಮತ್ತೆ ಅಂಟಿಸಿ ಏನೂ ಗೊತ್ತಿಲ್ಲದವರ ಹಾಗೆ ಕಳಿಸುತ್ತಿದ್ದೆವು. ಮಂಗಳವಾರ ಬೆಳಿಗ್ಗೆ ಪ್ರೊಜೆಕ್ಟರ್ ಆಪರೇಟರ್ ಬಾಷಾ, "ಇಲ್ಲೇನಾ ಸಾರ್?" ಎಂದು ರೀಲಿನ ಮೇಲೆ ಬೆರಳಿಟ್ಟು ಕೇಳಿದ. "ವಾದ್ಯ ನಿಲ್ಲಲಿ, ಅಲ್ಲೇ" ಎಂದೆ. ಆ ದಿನದಿಂದ ಜನ ನಗುನಗುತ್ತ ಹೊರಬಂದರು. ಆಟ ಹೊತ್ತಿಗೆ ಸರಿಯಾಗಿ ಬಿಟ್ಟಿತು. ನಾನು ಯಜಮಾನರ ಹತ್ತಿರ ಶಭಾಷ್ ಅನ್ನಿಸಿಕೊಂಡೆ.

ಬುಧವಾರ ಮ್ಯಾಟಿನಿ ಬಿಟ್ಟಾಗ ಒಬ್ಬ ವಯಸ್ಸಾದ ತಾಯಿ ನನ್ನ ಕೋಣೆಯ ಬಾಗಿಲಿಗೆ ಬಂದರು. ತೆಳ್ಳಗೆ, ಬಿಗಿಯಾಗಿ ಕಟ್ಟಿದ ತುರುಬು, ಕಾಲಿಗೆ ಚಪ್ಪಲಿಯಿಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಮೆಟ್ಟಿಲ ಹತ್ತಿರ ಅವರ ಮಗ ನಿಂತಿದ್ದ, ನಲವತ್ತರ ಆಸುಪಾಸಿನವನು.

"ಸ್ವಾಮಿ, ಕಡೇದು ಎಲ್ಲೋಯ್ತು?" ಎಂದರು.

"ಯಾವ್ದು ತಾಯಿ?"

"ಮುದುಕಿ ಕೈ ಮುಚ್ಕಳದು. ಸ್ವಾಮಾರ ಬಂದಿದ್ದಾಗ ಇತ್ತು. ಅದ್ನ ತೋರ್ಸವ ಅಂತ್ಲೇ ಮಗನ್ನ ಕರ್ಕಂಬಂದೆ. ಅವ್ನು ಕಂಡಕ್ಟ್ರು, ಇವತ್ತೇ ಅವ್ನಿಗೆ ರಜ."

ನನ್ನ ಕೋಣೆಯೊಳಗೆ ಹಂಚಿಕೆದಾರರ ಕಡೆಯವನು ಕೂತಿದ್ದ. ಹೊರಗೆ ಜನ ಇಳಿಯುತ್ತಿದ್ದರು. ಕತ್ತರಿಸಿದ್ದನ್ನು ಯಾರೆದುರೂ ಒಪ್ಪಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನಾಲಿಗೆ ತಾನಾಗಿ ಹೊರಳಿತು.

"ಅಂಥದ್ದು ಈ ಪಿಕ್ಚರಲ್ಲಿ ಇಲ್ಲ ತಾಯಿ. ಮೊದಲಿಂದ್ಲೂ ಸ್ಟೇಷನ್ನಿಗೇ ಮುಗಿಯೋದು."

"ಇಲ್ಲ ಸ್ವಾಮಿ. ಮೊಮ್ಮಗು ಕೈ ಕೊಡು ಅಂತದೆ. ಮುದುಕಿ ನಿಜ ಏನು ಅಂತ ಏಳ್ತಾಳೆ. ನಾನು ನೋಡಿವ್ನಿ."

"ಬೇರೆ ಯಾವ್ದೋ ಪಿಕ್ಚರಲ್ಲಿ ನೋಡಿರ್ತೀರಿ."

"ನಾನು ಬ್ಯಾರೆ ಪಿಚ್ಚರ್ ನೋಡಕ್ಕೇ ಓಗಿಲ್ವಲ್ಲ" ಎಂದರು. ನನ್ನ ಮುಖವನ್ನೇ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಅದೂ ಕಸುಬಿನ ಪಾಠವೇ. ಕೊನೆಗೆ ಅವರೇ ತಲೆ ತಗ್ಗಿಸಿದರು. "ಅಂಗಾರೆ ನಂಗೇ ಅಂಗೆ ಕಂಡಿರ್ಬೇಕು ಬುಡಿ" ಎಂದರು, ತಪ್ಪು ತಮ್ಮದೇ ಎನ್ನುವ ಹಾಗೆ.

ಮಗ ಕರೆದ. "ಬಾರವ್ವ, ಒತ್ತಾಯ್ತು. ಚೆನ್ನಾಗೈತೆ ಪಿಚ್ಚರ್ರು. ಕಡೀಕೆ ಎಲ್ಲಾ ಸೇರ್ಕಂಡ್ರಲ್ಲ." ಮೆಟ್ಟಿಲಿಳಿಯಲು ಅವನು ಕೈ ಚಾಚಿದ. ತಾಯಿ ಆ ಕೈ ಹಿಡಿಯಲಿಲ್ಲ. ಬಲಗೈಯನ್ನು ಸೆರಗಿನೊಳಗೆ ತೆಗೆದುಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನಾನು ನೋಡುತ್ತ ನಿಂತಿದ್ದೆ. ನೋಡಿದ ಕೂಡಲೇ ಅರ್ಥವಾಯಿತು. ಆ ತುಂಡು ಮೇಲಿನ ಪ್ರೊಜೆಕ್ಟರ್ ಕೋಣೆಯ ಡಬ್ಬದಲ್ಲೇ ಇತ್ತು. ಒಂದು ಕೂಗು ಕೂಗಿ ನಿಲ್ಲಿಸಬಹುದಿತ್ತು. ಕೋಣೆಯೊಳಗೆ ಕೂತಿದ್ದವನ ಮುಂದೆ ಮುಖಭಂಗವಾಗುತ್ತದಲ್ಲ ಎಂದು ಸುಮ್ಮನಿದ್ದೆ.

ಆಮೇಲೆ ಕಾಲ ಬದಲಾಯಿತು. ರೀಲು ಹೋಗಿ ಡಿಸ್ಕು ಬಂತು, ಡಿಸ್ಕು ಹೋಗಿ ಉಪಗ್ರಹದ ಮೂಲಕ ಆಕಾಶದಿಂದಲೇ ಚಿತ್ರ ಇಳಿಯತೊಡಗಿತು. ಬಾಷಾ ಕತ್ತರಿಯನ್ನು ಮನೆಗೆ ಒಯ್ದ. ಕತ್ತರಿಸುವ ಅಧಿಕಾರ ಕೈತಪ್ಪಿತೆಂದು ಬೇರೆ ಮ್ಯಾನೇಜರುಗಳು ಗೊಣಗಿದರೆ ನನಗೆ ಒಳಗೊಳಗೇ ಹಾಯೆನಿಸಿತ್ತು. ನಾನು ನಿವೃತ್ತನಾದೆ. ಆ ತಾಯಿಯನ್ನು ಮರೆತೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಹುಡುಕಿಕೊಂಡು ಹೋಗಲಿಲ್ಲ. ಎಲ್ಲಿಯವರೆಂದೇ ಗೊತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈ ವರ್ಷ ಪವಿತ್ರ ತನ್ನ ಫೋನಿನಲ್ಲಿ ಆ ಚಿತ್ರವನ್ನು ಹುಡುಕಿ ಕೊಟ್ಟಳು. ಯಾರೋ ಹಾಕಿದ್ದಾರೆ, ಕೊನೆಯ ಭಾಗವೂ ಸೇರಿ ಇಡಿಯಾಗಿ ಇದೆ. ಕೆಳಗೆ ಜನ ಬರೆದದ್ದನ್ನು ಓದಿ ಹೇಳಿದಳು. ಅದೇ ಹಳೆಯ ಸೈಕಲ್ ಸ್ಟ್ಯಾಂಡು! ಒಬ್ಬನಿಗೆ ಇಂಥ ಚಿತ್ರ ಹುಟ್ಟಿಯೇ ಇಲ್ಲ. ಇನ್ನೊಬ್ಬನಿಗೆ ಎರಡೂವರೆ ಗಂಟೆ ದಂಡ. ಒಬ್ಬಾಕೆ ಕೊನೆಯನ್ನು ನೋಡಿ ತಾಯಿಗೆ ಫೋನ್ ಮಾಡಿದಳಂತೆ. ಅವರ ನಡುವೆ ಒಂದು ಜಗಳವೂ ನಡೆದಿತ್ತು. 'ಕೊಡಿಗೇಹಳ್ಳಿ ಆಂಜಿನಪ್ಪ, ನಿವೃತ್ತ ಕಂಡಕ್ಟರ್' ಎಂದು ಹೆಸರಿಟ್ಟುಕೊಂಡವರು ಬರೆದಿದ್ದರು:

"ಈ ಕೊನೆಯ ಸೀನು ಮೊದಲು ಇರಲಿಲ್ಲ. ಯಾರೋ ಆಮೇಲೆ ಸೇರಿಸಿದ್ದಾರೆ. ನಾನು ನಮ್ಮ ತಾಯಿ ಜೊತೆ ಯಲಹಂಕದಲ್ಲಿ ನೋಡಿದ್ದೇನೆ, ಸ್ಟೇಷನ್ನಿಗೇ ಮುಗಿಯುತ್ತದೆ. ನಮ್ಮ ತಾಯಿ ಇಂಥದ್ದೊಂದು ಇತ್ತು ಅಂತಿದ್ದರು. ಅರಳುಮರಳು ಅಂದುಕೊಂಡಿದ್ದೆವು."

ಪವಿತ್ರ ಮುಂದಿನದನ್ನು ಓದುತ್ತ ಹೋದಳು. ಮಾರನೆಯ ಬೆಳಿಗ್ಗೆ ಕೊಡಿಗೇಹಳ್ಳಿಗೆ ಹೋದೆ. ಹೊಸ ಕಟ್ಟಡಗಳ ಸಂದಿಯಲ್ಲಿ ಹೆಂಚಿನ ಮನೆಗಳು ಇನ್ನೂ ಉಳಿದಿವೆ. ಕಂಡಕ್ಟರ್ ಆಂಜಿನಪ್ಪನ ಮನೆ ಎಂದ ಕೂಡಲೇ ಬೋಂಡಾ ಅಂಗಡಿಯವನು ತೋರಿಸಿದ.

ಆಂಜಿನಪ್ಪನ ತಲೆಯೂ ಪೂರ್ತಿ ಬೆಳ್ಳಗಾಗಿದೆ. ಕುರ್ಚಿ ಹಾಕಿ, ಕಾಫಿ ಕೊಟ್ಟು, "ಏನ್ ಸಮಾಚಾರ ಸಾರ್, ಯಾರು ನೀವು?" ಎಂದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಆ ತಾಯಿ, ಅದೇ ಬಿಗಿಯಾದ ತುರುಬು. ಹೆಸರು ಕಾವೇರಮ್ಮ ಎಂದು ಕೆಳಗೆ ಬರೆದಿತ್ತು. ಕಾಫಿ ಕುಡಿದು ಹೇಳುವುದು ಸರಿಯಲ್ಲ ಎನಿಸಿ ಲೋಟ ಕೆಳಗಿಟ್ಟೆ.

"ನಿಮ್ ತಾಯಿ ಸರಿಯಾಗೇ ನೋಡಿದ್ರು ಆಂಜಿನಪ್ಪ. ಆ ಸೀನ್ ಇತ್ತು. ನಾವು ಕತ್ತರಿಸಿದ್ವಿ. ಇಲ್ಲ ಅಂತ ಅವರಿಗೆ ಸುಳ್ಳು ಹೇಳಿದವನು ನಾನು."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಿದ್ದರೆ ಚೆನ್ನಾಗಿತ್ತು. ಫೋಟೋ ಕಡೆ ತಿರುಗಿದರು. ಆಮೇಲೆ ನಿಧಾನವಾಗಿ ಹೇಳಿದರು. ಕಾವೇರಮ್ಮನ ತಂದೆ ಒಬ್ಬ ಇಂಗ್ಲಿಷ್ ದೊರೆಗೆ ಅಡುಗೆಯವರಾಗಿ ಬರ್ಮಾದ ರಂಗೂನಿಗೆ ಹೋಗಿದ್ದವರು. ಯುದ್ಧ ಬಂದಾಗ ಎಲ್ಲರೂ ನಡೆದು ಬಂದರು. ಆಕೆಗೊಬ್ಬ ತಮ್ಮನಿದ್ದ, ದಾರಿಯಲ್ಲಿ ತೀರಿಕೊಂಡ. ಮನೆಯವರಿಗೆ ಗೊತ್ತಿದ್ದುದು ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಆಕೆ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

"ನಮ್ಮವ್ವ ನನ್ ಕೈ ಇಡ್ದು ಒಂದಿನ ರಸ್ತೆ ದಾಟ್ಸಿಲ್ಲ ಸಾರ್. ಮುಂದೆ ನಡಿ, ಮುಂದೆ ನಡಿ ಅನ್ನೋಳು. ಎಲ್ಲಾ ಹುಡುಗ್ರೂ ಅವರವ್ವನ ಕೈ ಇಡ್ಕಂಡ್ ಬರೋರು. ನಂಗೆ ಏನೋ ಕಮ್ಮಿ ಇರ್ಬೇಕು ಅಂದ್ಕಂಡಿದ್ದೆ." ನನ್ನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಆಸ್ಪತ್ರೇಲಿ ಕಡೇ ದಿನ ನಾನೇ ಕೈ ಇಡ್ಕಳಕ್ಕೋದೆ. ಎಳ್ಕಂಡ್ಬುಟ್ಳು. ಸಿಟ್ ಬಂತು ಸಾರ್. ಆಚೆ ಬಂದು ಕೂತ್ಕಂಡೆ. ನಾನ್ ಆಚೆ ಇದ್ದಾಗ್ಲೇ ಓಗ್ಬುಟ್ಳು."

ನನಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಫೋನಲ್ಲಿ ಆ ಸೀನ್ ನೋಡ್ದಾಗ ಎದೆ ಧಸಕ್ ಅಂತು" ಎಂದರು ಆಂಜಿನಪ್ಪ. "ನಮ್ಮವ್ವಂದೇ ಕತೆ ಇದ್ದಂಗೈತಲ್ಲ ಅಂತ. ಆದ್ರೂ ಯಾರೋ ಆಮೇಲ್ ಸೇರ್ಸವ್ರೆ ಅಂತ್ಲೇ ಜಗಳ ಆಡ್ದೆ. ನಮ್ಮವ್ವ ಹೇಳಿದ್ದು ನಿಜ ಅಂತ ಒಪ್ಕಂಡ್ರೆ, ನಾನ್ ಏನ್ ಮಾಡ್ದಂಗಾಯ್ತು, ಹೇಳಿ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಅದ್ನ ಕತ್ತರ್ಸಿದ್ದಕ್ಕೆ ನಿಮ್ಗೆ ಏನ್ ಸಿಕ್ತು ಸಾರ್?"

ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. ಇನ್ನು ಸುಳ್ಳು ಹೇಳುವ ಹಾಗಿರಲಿಲ್ಲ.

"ಮುಂದಿನ ಆಟ ಹೊತ್ತಿಗೆ ಸರಿಯಾಗಿ ಶುರುವಾಯ್ತು" ಎಂದೆ.

ಪವಿತ್ರಳಂಥ ಹೊಸಬರಿಗೆ ನನ್ನ ಕಡೆಯಿಂದ ಒಂದೇ ಮಾತು. ಜನ ಏನಾದರೂ ಅನ್ನಲಿ, ಕೇಳಿಸಿಕೊಳ್ಳಿ. ಏನೂ ಅನ್ನದೆ ಎದ್ದು ಹೋದವರನ್ನು ಇನ್ನೂ ಸ್ವಲ್ಪ ಹೆಚ್ಚು ಕೇಳಿಸಿಕೊಳ್ಳಿ. ಯಾರಾದರೂ ಬಂದು ಇಲ್ಲಿ ಒಂದು ಇತ್ತು, ನಾನು ನೋಡಿದೆ ಎಂದರೆ, ಇರಲಿಲ್ಲ ಎಂದು ಮಾತ್ರ ಹೇಳಬೇಡಿ. ಆ ನಗುವ ಮುಖ, ಅಳುವ ಮುಖದ ಬಟನ್ನಿನಲ್ಲಿ ಇದಕ್ಕೆ ಜಾಗವಿಲ್ಲ ಎಂದು ನನಗೂ ಗೊತ್ತು.

ನಾನು ಹೊರಟಾಗ ಆಂಜಿನಪ್ಪ ರಸ್ತೆಯ ತನಕ ಬಂದರು. ಬೇಡವೆಂದರೂ ಕೇಳಲಿಲ್ಲ. ಏರ್‌ಪೋರ್ಟ್ ರಸ್ತೆಯ ಪಕ್ಕದ ರಸ್ತೆಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ನುಗ್ಗುತ್ತಿದ್ದವು. ನನ್ನ ಕಾಲು ಹಿಂದೆ ಮುಂದೆ ನೋಡಿತು. ಅವರು ನನ್ನ ಕೈ ಹಿಡಿದುಕೊಂಡರು, ಬಿಗಿಯಾಗಿ. ನಡುವೆ ಒಂದು ಬೈಕು ಮೈಮೇಲೆ ಬಂದಾಗಲೂ ಬಿಡಲಿಲ್ಲ. ಆಚೆ ದಡ ಮುಟ್ಟಿ ಆಟೋ ಬರುವ ತನಕವೂ ಹಿಡಿದೇ ನಿಂತಿದ್ದರು. ಆ ಕೈ ನನಗೆ ಸಲ್ಲಬೇಕಾದದ್ದಲ್ಲ ಎಂದು ನನಗೆ ಗೊತ್ತಿತ್ತು. ಬಿಡಿಸಿಕೊಳ್ಳಲು ಆಗಲಿಲ್ಲ, ಅವರ ಮುಖ ನೋಡಲೂ ಆಗಲಿಲ್ಲ.